ಪುಣೆಯ ಚಳಿಯಲ್ಲಿ ಅಪ್ಪನನ್ನು ಎಲ್ಲಿ ಅಡ್ಡಾಡಿಸಿಕೊಂಡು ಬರಲಿ?

ಕೋಥ್ರೂಡ್ ರೋಣದವ:

ಎಲ್ಲರಿಗೂ ನಮಸ್ಕಾರ. ದೀಪಾವಳಿ ಮುಗಿದ ಮೇಲೆ ಅಪ್ಪನನ್ನು ಊರಿಂದ ಇಲ್ಲಿಗೆ ಕರೆತಂದಿದ್ದೇನೆ. ನಮ್ಮದು ರೋಣ ತಾಲೂಕು. ಅಪ್ಪನಿಗೆ 71 ವರ್ಷ, ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದವರು. ಊರಲ್ಲಿ ಮುಂಜಾನೆ ಹೊಲದ ತನಕ ಹೋಗಿ ಬರದಿದ್ದರೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ. ಇಲ್ಲಿ ನಮ್ಮದು ಏಳನೇ ಮಹಡಿ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಏಳುವುದು ಊಟಕ್ಕೇ. ಕೇಳಿದರೆ ‘ಆರಾಮ ಇದ್ದೀನಿ, ನೀ ಕೆಲಸಕ್ಕ ಹೋಗು’ ಅನ್ನುತ್ತಾರೆ. ಆರಾಮ ಇಲ್ಲ ಅಂತ ನನಗೆ ಕಾಣುತ್ತದೆ.

ಹೋದ ಭಾನುವಾರ ಸಿಂಹಗಡಕ್ಕೆ ಕರೆದುಕೊಂಡು ಹೋಗಿ ತಪ್ಪು ಮಾಡಿದೆ. ಘಾಟಿನಲ್ಲಿ ಗಾಡಿಗಳ ಸಾಲು, ಒಂದೂವರೆ ತಾಸು ಕಾರಿನೊಳಗೇ ಕೂತೆವು. ಮೇಲೆ ಮುಟ್ಟುವಷ್ಟರಲ್ಲಿ ಅವರಿಗೆ ತಲೆ ಸುತ್ತು ಬಂದಿತ್ತು. ಪಿಠ್ಲ-ಭಾಕರಿ ಮುಂದಿಟ್ಟರೂ ಎರಡು ತುತ್ತಿಗೆ ಕೈ ತೊಳೆದರು. ಅವತ್ತಿನಿಂದ ‘ಎಲ್ಲೂ ಬ್ಯಾಡಪ್ಪಾ’ ಅನ್ನುತ್ತಿದ್ದಾರೆ.

ಮನೆಗೆ ಹತ್ತಿರ, ಸಮತಟ್ಟಾದ, ಗಿಡ-ಮರ-ಹಕ್ಕಿ ಇರುವ ಜಾಗ ಬೇಕು. ಬಲಗಾಲಿನ ಮೊಣಕಾಲು ನೋವಿದೆ, ಎರಡು ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ನನ್ನ ಕೆಲಸ ಹನ್ನೊಂದಕ್ಕೆ ಶುರು, ಹಾಗಾಗಿ ಮುಂಜಾನೆ ಪುರುಸೊತ್ತು ಇರುತ್ತದೆ. ದಯವಿಟ್ಟು ತಿಳಿಸಿ.

ಔಂಧ್ ತೀರ್ಥಹಳ್ಳಿ:

ಪರ್ವತಿ ಗುಡ್ಡ ಬೇಡ, 103 ಮೆಟ್ಟಿಲು. ಪಾಷಾಣ ಕೆರೆಯ ದಂಡೆಯ ದಾರಿ ಸಮತಟ್ಟಾಗಿದೆ, ನಿಮಗೂ ದೂರವಲ್ಲ. ಕೂತು ಬರುವುದಕ್ಕಾದರೆ ಎಂಪ್ರೆಸ್ ಗಾರ್ಡನ್ ಒಳ್ಳೆಯದು, ದೊಡ್ಡ ಹಳೆಯ ಮರಗಳಿವೆ. ಜನವರಿಯಲ್ಲಿ ಗಣರಾಜ್ಯೋತ್ಸವದ ಆಸುಪಾಸು ಅಲ್ಲಿ ಹೂವಿನ ಪ್ರದರ್ಶನ ಇರುತ್ತದೆ, ಆ ನಾಲ್ಕು ದಿನ ಜನಸಂದಣಿ ಜಾಸ್ತಿ. ಅದು ಬಿಟ್ಟು ಹೋಗಿ.

ಧಾರವಾಡದ ಅಕ್ಕ, ಎರಂಡವಣೆ:

ನಿಮ್ಮ ಅಪ್ಪಾರ ವಿಷಯ ಓದಿ ಸುಮ್ನ ಇರಾಕ ಆಗ್ಲಿಲ್ರಿ. ನಮ್ಮ ಮಾವನೋರೂ ಹಿಂಗೇ ಬಾಲ್ಕನಿ ಹಿಡದಿದ್ರು. ನಾವೂ ಮೊದಲು ವಾರಕ್ಕೊಂದು ಹೊಸ ಜಾಗ ಅಂತ ಸುತ್ತಿಸಿ ಅವ್ರನ್ನ ದಣಿಸಿದ್ವಿ. ಆಮ್ಯಾಲ ತಿಳೀತು, ವಯಸ್ಸಾದೋರಿಗೆ ಹೊಸ ಜಾಗ ಬೇಕಾಗಿರೋದಿಲ್ಲ, ತಮ್ಮದು ಅನ್ನೋ ಒಂದು ದಾರಿ ಬೇಕಾಗಿರ್ತದ. ಊರಾಗ ಹೊಲದ ದಾರಿ ಇತ್ತಲ್ಲ, ಹಂಗ. ಅದಕ್ಕ ಒಂದೇ ಜಾಗ ಹಿಡೀರಿ, ವಾರಕ್ಕ ಮೂರು ದಿನ ಅಲ್ಲಿಗೇ ಹೋಗ್ರಿ.

ನಾ ಹೇಳೋದು ವೇತಾಳ ಟೇಕಡಿ. ಗುಡ್ಡ ಅಂದ ಕೂಡ್ಲೆ ಬ್ಯಾಡ ಅನಬ್ಯಾಡ್ರಿ. ಎ.ಆರ್.ಎ.ಐ. ಅಂತ ಗಾಡಿ ಸಂಶೋಧನಾ ಸಂಸ್ಥೆ ಅದ, ಅದರ ರಸ್ತೆ ಹಿಡದು ಹೋದ್ರ ಏರೋ ಕೆಲಸ ಗಾಡೀನೇ ಮಾಡ್ತದ. ಮ್ಯಾಲ ಗಾಡಿ ನಿಲ್ಲಿಸಿ ಹಳೇ ಕಲ್ಲಿನ ಖಣಿ ಕಡೆ ಹೊಳ್ಳಿದ್ರ ದಾರಿ ಅಗಲ ಅದ, ಏರು-ಇಳಿವು ಕಡಿಮಿ. ಗುಡ್ಡದ ತುದೀಗೆ ವೇತಾಳನ ಗುಡಿ ತನಕ ಹೋಗೋ ಹಟ ಬ್ಯಾಡ. ಖಣಿ ನೀರು ಕಂಡ ಮ್ಯಾಲ ಒಂದು ಬಂಡೆಗಲ್ಲಿನ ಮ್ಯಾಲ ಕುಂತು ಹೊಳ್ಳಿ ಬರ್ರಿ.

ಹೊತ್ತಿನ ಮಾತು ಹೇಳ್ತೀನಿ, ಇದು ಮುಖ್ಯ. ಡಿಸೆಂಬರ್-ಜನವರಿಯಾಗ ಪುಣೆದಾಗ 10 ಡಿಗ್ರಿ ಆಸುಪಾಸಿಗೆ ಇಳೀತದ. ಆದ್ರ ಆ ಚಳಿ ಹೆಚ್ಚು ಇರೋದು ಕೆಳಗ. ರಾತ್ರಿ ತಂಪಾದ ಗಾಳಿ ಭಾರ ಆಗಿ ತಗ್ಗಿಗೆ ಇಳದು ಕೂಡ್ತದ, ಊರಿನ ಹೊಗಿ, ಧೂಳು ಎಲ್ಲಾ ಅದರಾಗೇ ಸಿಕ್ಕಿ ಬೀಳ್ತದ. ಮುಂಜಾನೆ ಟೇಕಡಿ ಮ್ಯಾಲ ನಿಂತು ನೋಡ್ರಿ, ಊರ ಮ್ಯಾಲ ಬೂದು ಬಣ್ಣದ ಹಚ್ಚಡ ಹೊದಿಸಿದಂಗ ಕಾಣ್ತದ, ನಾವು ಅದರ ಮ್ಯಾಲ. ಗುಡ್ಡದ ಬುಡದಾಗ ಕಿವಿ ಕೊರೀತಿದ್ದ ಗಾಳಿ ಮ್ಯಾಲ ಬಂದ ಮ್ಯಾಲ ಮೆತ್ತಗಾಗ್ತದ. ಅದಕ್ಕ ಸೂರ್ಯ ಏಳೋಕಿಂತ ಮೊದಲು ಕೆಳಗಿನ ರಸ್ತೆದಾಗ ವಾಕಿಂಗ್ ಮಾಡಿಸೋದಕ್ಕಿಂತ, ಬಿಸಿಲು ಬಿದ್ದ ಮ್ಯಾಲ, ಏಳೂವರೆ-ಎಂಟಕ್ಕ ಟೇಕಡಿಗೆ ಕರಕೊಂಡು ಬರೋದು ಅವ್ರ ಎದಿಗೂ ಛಲೋ.

ಕಿವಿಗೆ ಮಫ್ಲರ್, ಒಂದು ದಪ್ಪ ಸ್ವೆಟರ್ ಬದಲು ಎರಡು ತೆಳುವು, ಬೆಚ್ಚಗಿನ ನೀರು. ಚಪ್ಪಲಿ ಬ್ಯಾಡ, ಬೂಟು ಹಾಕಸ್ರಿ. ದಾರಿ ತುಂಬ ಗರಸು, ಇಳಿಯೋವಾಗ ಜಾರ್ತದ. ಈ ದಿನದಾಗ ಹುಲ್ಲು ಒಣಗಿ ಬಂಗಾರದ ಬಣ್ಣ ಆಗಿರ್ತದ, ಕಣ್ಣಿಗೆ ಹಬ್ಬ. ಆದ್ರ ಅದರಾಗ ಈಟಿಯಂಥಾ ಬೀಜ ಇರೋ ಹುಲ್ಲು ಭಾಳ. ಧೋತರಕ್ಕ ಹತ್ತಿದ್ರ ತಿರುವಿಕೊಂತ ಒಳಗ ಇಳೀತದ. ಮರಾಠಿಯೊಳಗ ಕುಸಳಿ ಅಂತಾರ. ದಾರಿ ಬಿಟ್ಟು ಒಳಗ ಹೋಗಬ್ಯಾಡ್ರಿ.

ಖಣಿ ಕಲ್ಲಿನ ಮ್ಯಾಲ ಒಂದು ಹಕ್ಕಿ ನೋಡ್ರಿ. ಗುಬ್ಬಿಯಷ್ಟು, ಮ್ಯಾಲ ಕಪ್ಪು, ಹೊಟ್ಟಿ ಇಟ್ಟಂಗಿ ಬಣ್ಣ. ಕುಂತಲ್ಲೇ ಬಾಲ ಗಡಗಡ ನಡುಗಸ್ತದ. ಚಳಿಗೆ ನಡುಗ್ತದೇನೋ ಅನಸ್ತದ, ಅದರ ಸ್ವಭಾವಾನೇ ಹಂಗ. ಬೇಸಿಗಿ ಬಂತಂದ್ರ ಉತ್ತರಕ್ಕ ಹೋಗಿಬಿಡ್ತದ. ನಮ್ಮ ಮಾವನೋರು ಪ್ರತಿ ವರ್ಷ ಮಳಿಗಾಲ ಮುಗಿಯೋದೇ ತಡ ಅದು ಬಂತೇನು ಅಂತ ಕೇಳ್ತಿದ್ರು. ಈ ಗುಡ್ಡದಾಗ ರಸ್ತೆ, ಸುರಂಗ ತರೋ ಮಾತು ಭಾಳ ವರ್ಷದಿಂದ ನಡದದ. ಅದು ಬ್ಯಾಡ ಅಂತ ನಡೆದೋರ ಜೋಡಿ ನಾನೂ ನಡದೀನಿ. ಇಂಥಾ ಜಾಗ ಊರ ನಡುವ ಇನ್ನೊಂದು ಇಲ್ರಿ.

ಹಡಪಸರದ ಇಂಡಿಯವ:

ಅಕ್ಕಾರು ಹೇಳಿದ್ದು ಖರೆ. ಅದರ ಜೋಡಿ ಒಂದೇ ಒಂದು ಭಾನುವಾರ ನಮ್ಮ ಕಡಿ ಬರ್ರಿ. ಸೋಲಾಪುರ ರಸ್ತೆದಾಗ ಲೋಣಿ ಕಾಳಭೋರ್ ಮುಟ್ಟೋಕಿಂತ ಮೊದಲು ಕವಡಿ ಅಂತ ಊರು, ಮುಳಾ-ಮುಠಾ ನದಿ ದಂಡಿ. ಆರಕ್ಕ ಮನಿ ಬಿಟ್ರ ರಸ್ತೆ ಖಾಲಿ ಇರ್ತದ.

ಮೊದಲೇ ಹೇಳಿಬಿಡ್ತೀನಿ, ನದಿ ನೀರು ನಾರ್ತದ, ನೊರಿ ತೇಲ್ತಿರ್ತದ. ಇಡೀ ಪುಣೆ ಹೊಲಸು ಹೊತ್ಕೊಂಡು ಬಂದ ನೀರದು. ಇದೇ ನೀರು ಮುಂದ ಭೀಮಾ ಕೂಡಿ ನಮ್ಮ ಇಂಡಿ ಕಡಿ ಬರ್ತದ, ನೋಡಿದಾಗೊಮ್ಮೆ ಹೊಟ್ಟ್ಯಾಗ ಕಸಿವಿಸಿ ಆಗ್ತದ. ಆದ್ರೂ ಚಳಿಗಾಲದಾಗ ಅಲ್ಲಿ ಬರೋ ಹಕ್ಕಿ ನೋಡಬೇಕು. ಚಕ್ರವಾಕ ಬರ್ತಾವ, ಲಡಾಖ್, ಟಿಬೆಟ್ ಕಡಿಯಿಂದ. ಬಾತುಕೋಳಿಗಿಂತ ದೊಡ್ಡದು, ಮೈಯೆಲ್ಲಾ ಕಾವಿ ಬಣ್ಣ, ತಲಿ ಮಾತ್ರ ತಿಳಿ. ಯಾವಾಗ್ಲೂ ಜೋಡಿ. ಕಾರ್ ನಿಲ್ಲಿಸಿ ನಾಲ್ಕು ಹೆಜ್ಜಿ ಇಟ್ರ ಕಾಣ್ತಾವ, ಮೊಣಕಾಲಿಗೆ ತ್ರಾಸ ಇಲ್ಲ. ಅಪ್ಪಾರು ಕನ್ನಡ ಮಾಸ್ತರು ಅಂದ್ರಲ್ಲ, ಹಕ್ಕಿ ಹೆಸರು ಮೊದಲೇ ಹೇಳಬ್ಯಾಡ್ರಿ.

ಕೋಥ್ರೂಡ್ ರೋಣದವ:

ಮೂರು ವಾರ ಆಯಿತು, ಬರೆಯುವುದು ತಡವಾಯಿತು.

ಅಕ್ಕಾರ, ಮೊದಲ ದಿನ ಅಪ್ಪ ಕಾರಿನಿಂದ ಇಳಿಯುವುದಕ್ಕೇ ಒಪ್ಪಲಿಲ್ಲ. ಅರ್ಧ ತಾಸು ಗಾಜು ಇಳಿಸಿಕೊಂಡು ಕೂತರು. ಎರಡನೇ ದಿನ ಖಣಿಯ ತನಕ ಬಂದರು. ಮೂರನೇ ದಿನ ನಾನು ಬೂಟು ಹುಡುಕುತ್ತಿದ್ದರೆ ಅವರು ಮಫ್ಲರ್ ಸುತ್ತಿಕೊಂಡು ಲಿಫ್ಟಿನ ಮುಂದೆ ನಿಂತಿದ್ದರು. ಬಾಲ ನಡುಗಿಸುವ ಹಕ್ಕಿಯನ್ನು ಅವರೇ ಮೊದಲು ಕಂಡರು. ದಿನಾ ಬರುವ ಮರಾಠಿ ಅಜ್ಜರೊಬ್ಬರ ಪರಿಚಯವೂ ಆಗಿದೆ. ಇವರ ಕನ್ನಡ ಅವರಿಗೆ ತಿಳಿಯುವುದಿಲ್ಲ, ಅವರ ಮರಾಠಿ ಇವರಿಗೆ ಅಷ್ಟಕ್ಕಷ್ಟೇ, ಮಾತು ಮಾತ್ರ ನಿಲ್ಲುವುದಿಲ್ಲ.

ಹೋದ ಭಾನುವಾರ ಕವಡಿಗೆ ಹೋಗಿದ್ದೆವು. ವಾಸನೆಗೆ ಅಪ್ಪ ಮೂಗಿಗೆ ವಲ್ಲಿ ಹಿಡಿದುಕೊಂಡರು. ಅಷ್ಟರಲ್ಲಿ ಆ ಕಾವಿ ಬಣ್ಣದ ಜೋಡಿ ನೀರಿನ ನಡುವಿನ ಕಲ್ಲಿನ ಮೇಲೆ ಬಂದು ಇಳಿಯಿತು. ಏನು ಹಕ್ಕಿ ಅಂದರು. ‘ಚಕ್ರವಾಕ’ ಅಂದೆ. ವಲ್ಲಿ ಕೆಳಗೆ ಬಿಟ್ಟರು. ‘ಜಕ್ಕವಕ್ಕಿ?’ ಅಂತ ಮೆಲ್ಲಗೆ ಕೇಳಿದರು. ‘ಜಕ್ಕವಕ್ಕಿ, ಹಗಲೆಲ್ಲಾ ಕೂಡಿ ಇರತಾವ, ರಾತ್ರಿ ಅಗಲತಾವ ಅಂತ 30 ವರ್ಷ ಪಾಠ ಹೇಳೀನಿ. ನಾ ಕಣ್ಣಿಲೆ ನೋಡಿರಲಿಲ್ಲ.’ ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಅವ್ವ ತೀರಿಕೊಂಡು ಎರಡು ವರ್ಷ. ನಾನೂ ಸುಮ್ಮನೆ ಪಕ್ಕದಲ್ಲಿ ನಿಂತೆ.

ಬರುವಾಗ ರಸ್ತೆ ಪಕ್ಕದ ಹೊಲದಲ್ಲಿ ಹುರ್ಡಾ ಅಂತ ಬೋರ್ಡು ಕಂಡಿತು. ನಮ್ಮ ಸೀತನಿಯೇ. ಕುಳ್ಳಿನ ಕೆಂಡದಲ್ಲಿ ಜೋಳದ ತೆನೆ ಸುಟ್ಟು ಕೊಡುತ್ತಿದ್ದರು. ಅಪ್ಪ ಬಿಸಿ ತೆನೆಯನ್ನು ಎರಡೂ ಅಂಗೈ ನಡುವೆ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನನ್ನ ಮಗನ ಕೈಗೆ ಸುರಿದರು. ಬೆಲ್ಲ, ಶೇಂಗಾ ಹಿಂಡಿ, ಮೊಸರು ಇತ್ತು. ಎರಡು ತುತ್ತಿಗೆ ಕೈ ತೊಳೆದವರು ಅವತ್ತು ನಾಲ್ಕು ತೆನೆ ತಿಂದರು.

ಇಂಡಿಯವರೇ, ಅಪ್ಪ ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಅವು ರಾತ್ರಿ ಖರೆ ಅಗಲುತ್ತವೆಯೇ?

ಹಡಪಸರದ ಇಂಡಿಯವ:

ಓದಿ ಭಾಳ ಸಂತೋಷ ಆತ್ರಿ. ಅಪ್ಪಾರಿಗೆ ಹೇಳ್ರಿ, ಜೋಡಿ ಮುರಿಯೋದಿಲ್ಲ. ಈ ಹಕ್ಕಿ ಮೇಯೋದು ಹೆಚ್ಚಾಗಿ ಕತ್ತಲಾದ ಮ್ಯಾಲ. ಆಗ ಒಂದಕ್ಕೊಂದು ಕೂಗಿ ಕರೀತಾವ, ದನಿ ಜೋರು, ದೂರ ಕೇಳಸ್ತದ. ಕತ್ತಲದಾಗ ಹಕ್ಕಿ ಕಾಣೂದಿಲ್ಲ, ಆಚಿಂದೊಂದು ಕೂಗು, ಈಚಿಂದೊಂದು ಕೂಗು, ಅಷ್ಟೇ. ಹಿಂದಿನ ಕಾಲದೋರು ನದಿ ದಂಡಿಗೆ ಮಲಗಿ ಅದನ್ನೇ ಕೇಳಿ ಹಾಡು ಕಟ್ಟಿರಬೇಕು ಅಂತ ನನ್ನ ಎಣಿಕಿ. ಏಪ್ರಿಲ್ ಹೊತ್ತಿಗೆ ಹೊಳ್ಳಿ ಹೋಗ್ತಾವ, ಅಷ್ಟರೊಳಗ ಇನ್ನೊಮ್ಮೆ ಸಂಜೀ ಮುಂದ ಬರ್ರಿ. ಕೂಗು ಕೇಳಿಸಿಕೊಂಡು ಹೋಗುವಿರಂತ. ಊಟಕ್ಕ ನಮ್ಮ ಮನಿಗೇ ಬರಬೇಕು.

ಕೋಥ್ರೂಡ್ ರೋಣದವ:

ಓದಿ ಹೇಳಿದೆ. ಶನಿವಾರ ಸಂಜೆ ಬರುತ್ತೇವೆ. ಬರುವಾಗ ಊರಿಂದ ತಂದ ಸಜ್ಜಿ ರೊಟ್ಟಿ ಕಟ್ಟಿಕೊಂಡು ಬರುತ್ತಾರಂತೆ, ನೀವು ಬದನೆಕಾಯಿ ಎಣಗಾಯಿ ಮಾಡಿಡಬೇಕಂತೆ.