ಪ್ರಶ್ನೋತ್ತರ: ಬಯಲಲ್ಲಿ ಕಾರಿನ ಫೋಟೋ ತೆಗೆಯೋದು

ಬಿಳಿ ಹ್ಯಾಚ್‌ಬ್ಯಾಕ್: ಸರ್, ಮುಂದಿನಿಂದ ತೆಗೆದರೆ ಕಾರಿನ ಮೂತಿ ಊದಿಕೊಂಡ ಹಾಗೆ ಬರುತ್ತೆ. ಫೋನ್ ಬದಲಾಯಿಸಬೇಕಾ? ಯಾವುದು ತಗೊಳ್ಳಲಿ?

ಛಾಯಾಗ್ರಾಹಕ: ಫೋನ್ ಸಾಕು. ನೀವು ತೀರಾ ಹತ್ತಿರ ನಿಂತಿದ್ದೀರಿ. ಎಂಟು ಹತ್ತು ಮೀಟರ್ ಹಿಂದೆ ಸರಿದು 2 ಅಥವಾ 3 ಪಟ್ಟು ಜೂಮ್ ಲೆನ್ಸಲ್ಲಿ ತೆಗೀರಿ. ಫೋನನ್ನು ಹೆಡ್‌ಲೈಟ್ ಎತ್ತರಕ್ಕೆ ಇಳಿಸಿ.

ಕಪ್ಪು ಸೆಡಾನ್: ಲೆನ್ಸಿಗೆ ಪೋಲರೈಸರ್ (ಪ್ರತಿಫಲನ ಇಳಿಸೋ, ತಿರುಗಿಸಬಹುದಾದ ಫಿಲ್ಟರ್) ಹಾಕಿ ತೆಗೆದೆ. ಹಿಂದಿನ ಗಾಜಿನ ತುಂಬ ನೀಲಿ-ನೇರಳೆ ಚುಕ್ಕೆಗಳು. ಬಾಗಿಲ ಮೇಲೆ ಡೊಂಕು ಗೆರೆಗಳು, ಮುಟ್ಟಿ ನೋಡಿದರೆ ಡೆಂಟ್ ಇಲ್ಲ. ಫಿಲ್ಟರ್ ಕೆಟ್ಟಿದೆಯಾ?

ಛಾಯಾಗ್ರಾಹಕ: ಫಿಲ್ಟರ್ ಸರಿಯಾಗೇ ಇದೆ. ಹಿಂದಿನ ಗಾಜು ಟೆಂಪರ್ ಮಾಡಿದ್ದು. ಕಾಯಿಸಿದ ಗಾಜಿಗೆ ಸಾಲು ಸಾಲು ನಳಿಕೆಗಳಿಂದ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಗಾಳಿ ನೇರ ಬಡಿದ ಕಡೆ ಒಳಗಿನ ಒತ್ತಡ ಒಂದು ಥರ, ಮಿಕ್ಕ ಕಡೆ ಇನ್ನೊಂದು ಥರ. ಪೋಲರೈಸರ್ ಆ ವ್ಯತ್ಯಾಸವನ್ನೇ ಚುಕ್ಕೆಯಾಗಿ ತೋರಿಸುತ್ತೆ. ಮುಂದಿನ ಗಾಜು ಲ್ಯಾಮಿನೇಟೆಡ್, ಅಂದ್ರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರೋದು, ಅಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಟ್ರೈಪಾಡ್ ಮೇಲೆ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಲಾಕ್ ಮಾಡಿ. ಬಾಗಿಲ ಪ್ರತಿಫಲನ ಇಳಿಯುವಂತೆ ಫಿಲ್ಟರ್ ತಿರುಗಿಸಿ ಒಂದು ಶಾಟ್, ಗಾಜಿನ ಚುಕ್ಕೆ ಆದಷ್ಟು ಮಂಕಾಗುವಂತೆ ಇನ್ನೊಂದು. ಎಡಿಟಿಂಗಲ್ಲಿ ಎರಡನ್ನೂ ಒಂದರ ಮೇಲೊಂದು ಲೇಯರ್ ಮಾಡಿ, ಗಾಜನ್ನು ಎರಡನೆಯದರಿಂದ ತಗೊಳ್ಳಿ.

ಬಾಗಿಲ ಡೊಂಕು ಗೆರೆಗಳು ನಿಮ್ಮ ಬೆನ್ನ ಹಿಂದಿರೋ ಮರ, ಕಂಬಗಳ ಪ್ರತಿಬಿಂಬ. ಬಾಗಿಲು ಬಾಗಿರೋದರಿಂದ ಅವೂ ಬಾಗುತ್ತವೆ. ಕಪ್ಪು ಪೇಂಟು ಕನ್ನಡಿ ಇದ್ದ ಹಾಗೆ, ಆದ್ದರಿಂದ ಕಾರಿನ ಹಿನ್ನೆಲೆಗಿಂತ ಮೊದಲು ನಿಮ್ಮ ಬೆನ್ನ ಹಿಂದೆ ಏನಿದೆ ನೋಡಿ. ಅಲ್ಲಿ ತೆರೆದ ಬಯಲು, ದೂರದ ದಿಗಂತ ಇರಲಿ. ಸೂರ್ಯ ಮುಳುಗಿದ ಮೇಲೆ 10ರಿಂದ 20 ನಿಮಿಷ ಒಳ್ಳೆ ಸಮಯ. ಮುಳುಗಿದ ದಿಕ್ಕಿಗೆ ಬೆನ್ನು ಮಾಡಿ ನಿಂತರೆ ಹೆಡ್‌ಲೈಟಿಂದ ಟೇಲ್‌ಲೈಟ್‌ವರೆಗೆ ಬೆಳಕಿನ ಒಂದೇ ಗೆರೆ ಓಡುತ್ತೆ. ಎಕ್ಸ್‌ಪೋಷರ್ ಮೈನಸ್ 0.7 ಇಡಿ, ಇಲ್ಲಾಂದ್ರೆ ಕ್ಯಾಮೆರಾ ಕಪ್ಪನ್ನು ಬೂದು ಮಾಡಿಬಿಡುತ್ತೆ. ಸ್ಟೀರಿಂಗ್ ತಿರುಗಿಸುವಾಗ ಮುಂದಿನ ಚಕ್ರದ ರಿಮ್ ಕ್ಯಾಮೆರಾ ಕಡೆ ಬರಲಿ, ಟೈರಿನ ಹಲ್ಲು ಕಾಣಬಾರದು.

ಮ್ಯಾಟ್ ಫಿನಿಶ್: ಮ್ಯಾಟ್ ರ‍್ಯಾಪ್ ಇರೋ ಕಾರಿಗೂ ಪೋಲರೈಸರ್ ಬೇಕಾ?

ಬೂದು ಎಸ್‌ಯುವಿ: ಈ ಫಾರ್ವರ್ಡ್ ನಿಜವಾ? "ಸೀಮೆಎಣ್ಣೆಗೆ ಅಡುಗೆ ಎಣ್ಣೆ ಬೆರೆಸಿ ಬಾಡಿ, ಟೈರ್ ಎರಡಕ್ಕೂ ಒರೆಸಿ, ಫೋಟೋದಲ್ಲಿ ಹೊಸ ಕಾರು!"

ಛಾಯಾಗ್ರಾಹಕ: ಮಾಡಬೇಡಿ. ಸೀಮೆಎಣ್ಣೆ ವ್ಯಾಕ್ಸ್ ತೆಗೆಯುತ್ತೆ, ರಬ್ಬರ್ ಕೆಡಿಸುತ್ತೆ. ಎಣ್ಣೆ ಬ್ರೇಕ್ ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯಲ್ಲ, ಪ್ರಾಣಕ್ಕೆ ಸಂಚಕಾರ. ನೆರಳಲ್ಲಿ ಕಾರ್ ಶಾಂಪೂ ಹಾಕಿ ತೊಳೆದು ಮೈಕ್ರೋಫೈಬರಲ್ಲಿ ಒರೆಸಿ. ಒಣ ಧೂಳನ್ನು ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತೆ. ಇಂಥ ಫಾರ್ವರ್ಡ್ ಇಲ್ಲಿಗೆ ತರಬೇಡಿ.

ಕೆಂಪು ಕೂಪೆ: ಫಿಲ್ಟರ್ ದಂಡ ಖರ್ಚು. ರಾ ಫೈಲ್ (ಕ್ಯಾಮೆರಾ ಹಿಡಿದ ಎಲ್ಲ ಮಾಹಿತಿ ಇರೋ ಫೈಲ್) ಇದ್ದರೆ ಎಲ್ಲ ಎಡಿಟಿಂಗಲ್ಲಿ ಆಗುತ್ತೆ.

ನೀಲಿ ಪಿಕಪ್: ಹೇಗೆ? ಗಾಜಿನ ಮೇಲೆ ಆಕಾಶದ ಪ್ರತಿಬಿಂಬ ಬೆಳ್ಳಗೆ ಸುಟ್ಟು ಹೋಗಿದ್ದರೆ ಒಳಗಿನ ಸೀಟು ಫೈಲಲ್ಲೇ ಇರಲ್ಲ.

ಕೆಂಪು ಕೂಪೆ: ಎಐ ತುಂಬುತ್ತೆ.

ನೀಲಿ ಪಿಕಪ್: ಮಾರೋ ಕಾರಿಗೆ ಇಲ್ಲದ ಸೀಟು ತುಂಬಿಸಿ ತೋರಿಸ್ತೀರಾ? ಅದಕ್ಕೆ ಮೋಸ ಅಂತಾರೆ.

ಕೆಂಪು ಕೂಪೆ: ಮಾತು ಹಿಡಿತದಲ್ಲಿರಲಿ.

ಬೆಳ್ಳಿ ಸೆಡಾನ್: ಓಡೋ ಕಾರು ತೆಗೀಬೇಕು. ಗೆಳೆಯ ಪಕ್ಕದ ಕಾರಿನ ಕಿಟಕಿಯಿಂದ ಮೈ ಹೊರಗೆ ಹಾಕಿ ತೆಗೀತಾನಂತೆ, ಶಟರ್ ಎಷ್ಟಿರಲಿ?

ಛಾಯಾಗ್ರಾಹಕ: ಅದಕ್ಕೆ ಶಟರ್ ಹೇಳಲ್ಲ. ರಸ್ತೆಯ ಒಂದು ಗುಂಡಿ ಸಾಕು ಅವರು ಕೆಳಗೆ ಬೀಳೋಕೆ. ಖಾಲಿ ರಸ್ತೆ ಅಂಚಿಂದ ಸಾಕಷ್ಟು ದೂರ ನಿಂತು, ಕಾರನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸಲು ಹೇಳಿ, 1/60 ಸೆಕೆಂಡ್ ಶಟರಲ್ಲಿ ಪ್ಯಾನ್ ಮಾಡಿ, ಅಂದ್ರೆ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಿ. ಪಾದ ಕದಲದೆ ಸೊಂಟ ತಿರುಗಲಿ, ಕ್ಲಿಕ್ ಆದ ಮೇಲೂ ತಿರುಗುತ್ತಿರಿ. ಕೈ ಪಳಗಿದ ಮೇಲೆ 1/30ಕ್ಕೆ ಇಳಿಸಿ.

ಹಳದಿ ಹ್ಯಾಚ್‌ಬ್ಯಾಕ್: ಸರ್, ಯಾವ ಫೋನ್ ಒಳ್ಳೇದು?

ಛಾಯಾಗ್ರಾಹಕ: ಮೇಲೆ ಓದಿ.

ಹಳದಿ ಹ್ಯಾಚ್‌ಬ್ಯಾಕ್: ಓದಿದೆ, ಮಾಡೆಲ್ ಹೇಳಿಲ್ಲ.

ಛಾಯಾಗ್ರಾಹಕ: ಹೇಳಲ್ಲ.

ಕೆಂಪು ಕೂಪೆ: ಕೇಳಿದ್ದಕ್ಕೆ ಉತ್ತರ ಕೊಡೋಕಾಗಲ್ಲ, ಎರಡು ಶಾಟ್ ಲೇಯರ್ ಮಾಡಿ ಅಂತ ಪಾಠ ಬೇರೆ. ಅದೂ ಎಡಿಟಿಂಗೇ ಅಲ್ವಾ?

ಛಾಯಾಗ್ರಾಹಕ: ಹೌದು, ಎಡಿಟಿಂಗೇ. ಎರಡೂ ಶಾಟಲ್ಲಿ ಇರೋದು ಅದೇ ಕಾರು, ಅದೇ ಗಾಜು. ನೀವು ಹೇಳಿದ ಎಐ ತುಂಬೋದರಲ್ಲಿ ಅದಿಲ್ಲ.