ಸಹಾಯ ಬೇಕು: ವಯಸ್ಸಾದ ತಂದೆ-ತಾಯಿಯೊಂದಿಗೆ ಮಂಗಳೂರು ನೋಡುವ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ತಂದೆ-ತಾಯಿಯನ್ನು ದಾವಣಗೆರೆಯಿಂದ ಮಂಗಳೂರಿಗೆ ಕರೆದೊಯ್ಯಬೇಕೆಂದಿದ್ದೇನೆ. ಅಮ್ಮನಿಗೆ ಮೊಣಕಾಲು ನೋವಿರುವುದರಿಂದ ಊರನ್ನು ಬಲ್ಲವರ ಮಾರ್ಗದರ್ಶನ ಕೋರುತ್ತಿದ್ದೇನೆ.

ಇತಿಹಾಸದ ಮೇಷ್ಟ್ರಾಗಿದ್ದ ಅಪ್ಪನವರಿಗೆ ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಕಂಚಿನ ವಿಗ್ರಹವನ್ನು ತೋರಿಸಲೇಬೇಕು. ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವನ್ನು ಪೀಠದಲ್ಲಿ ಹೊತ್ತಿರುವ ಆ ಮೂರು ಮುಖಗಳ ಮೂರ್ತಿಯ ವಿಷಯವನ್ನು ಅವರು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದರೂ ಕಣ್ಣಾರೆ ಕಂಡಿಲ್ಲ. ದರ್ಶನದ ವೇಳೆ ಅದನ್ನು ಹತ್ತಿರದಿಂದ ನೋಡಲು ಸಾಧ್ಯವೇ? ಮೇಲಿನ ಕೆರೆಗಳವರೆಗೆ ಮೆಟ್ಟಿಲು ಹತ್ತದೆ ವಾಹನದಲ್ಲೇ ಹೋಗಬಹುದೇ?

ಇಟಲಿಯ ಆಂಟೋನಿಯೊ ಮೊಸ್ಕೇನಿಯವರು ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದಿರುವ ಸಂತ ಅಲೋಶಿಯಸ್ ಚಾಪೆಲ್‌ಗೂ ಹೋಗುವವರಿದ್ದೇವೆ. ಕ್ರಿಸ್‌ಮಸ್ ಸಮಯದಲ್ಲಿ ಪ್ರವಾಸಿಗರಿಗೆ ಪ್ರವೇಶ ಯಾವ ಹೊತ್ತಿನಲ್ಲಿರುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಅಮ್ಮ ಇದುವರೆಗೆ ಸಮುದ್ರವನ್ನೇ ಕಂಡಿಲ್ಲವಾದ್ದರಿಂದ ನನಗೆ ಎಲ್ಲಕ್ಕಿಂತ ಮುಖ್ಯವಾದುದು ಕಡಲತೀರ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಗೆ ಹೋಗುವುದು ಚೆಂದವೆನ್ನುತ್ತಾರೆ. ಆದರೆ ದೋಣಿ ಹತ್ತಿಳಿಯುವುದು ಅವರಿಗೆ ಕಷ್ಟವಾಗುವುದಾದರೆ ಪಣಂಬೂರಿಗೇ ಹೋಗುತ್ತೇವೆ. ಮರಳಿನಲ್ಲಿ ಹೆಚ್ಚು ನಡೆಯದೆ, ನೆರಳಿನಲ್ಲಿ ಕುಳಿತು ಅಲೆ ನೋಡಲು ಎರಡರಲ್ಲಿ ಯಾವುದು ಅನುಕೂಲ? ಇತ್ತೀಚೆಗೆ ಹಿರಿಯರೊಂದಿಗೆ ಹೋಗಿಬಂದವರು ಉತ್ತರಿಸಿದರೆ ತುಂಬ ಉಪಕಾರವಾಗುತ್ತದೆ.