ಅಪ್‌ಡೇಟ್: ಅಮ್ಮನ ಜೊತೆ ಶಾಂತಿ ಫಾಲ್ಸ್‌ಗೆ ಹೋಗಿ ಬಂದೆವು
ಮೊಣಕಾಲು ನೋವಿನ ಅಮ್ಮ, ಏಳು ವರ್ಷದ ಮಗಳು ಇಬ್ಬರೂ ನಡೆಯಬಹುದಾದ ಸಣ್ಣ ಜಲಪಾತ ಚಿಕ್ಕಮಗಳೂರು ಕಡೆ ಯಾವುದು ಅಂತ ಕೇಳಿದ್ದೆ. ಹೆಬ್ಬೆ ಫಾಲ್ಸ್ ಬೇಡ, ಕೆಮ್ಮಣ್ಣುಗುಂಡಿಯ ಶಾಂತಿ ಫಾಲ್ಸ್ ನೋಡಿ ಅಂದವರಿಗೆ ಥ್ಯಾಂಕ್ಸ್!

ಬೆಟ್ಟದ ಮೇಲಿನ ವ್ಯೂ ಪಾಯಿಂಟ್ ಆದ ಝಡ್ ಪಾಯಿಂಟ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಕಾಲುದಾರಿ ಕಿರಿದು, ಮಗಳ ಕೈ ಬಿಡಲಿಲ್ಲ. ನೀರೇನೂ ಜಾಸ್ತಿ ಇಲ್ಲ, ಬಂಡೆ ಮೇಲೆ ಸುಮ್ನೆ ಜಾರಿ ಬರುತ್ತದೆ. ಅಮ್ಮ ಬೊಗಸೆಯಲ್ಲಿ ಹಿಡಿದು ಮುಖ ತೊಳೆದು, "ಫ್ರಿಜ್ ನೀರು ಕಣೇ" ಅಂದರು. ಮೇಲೆ ಹತ್ತದೆ ಅಲ್ಲಿಂದಲೇ ವಾಪಸ್.

ಇಂಬಳದ (ರಕ್ತ ಹೀರುವ ಜಿಗಣೆ) ವಿಷಯ ಮಾತ್ರ ಯಾರೂ ಹೇಳಲೇ ಇಲ್ಲವಲ್ಲ! ಹೊಗೆಸೊಪ್ಪಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರೂ ನನ್ನ ಸಾಕ್ಸ್ ಒಳಗೆ ಮೂರು. ಉಪ್ಪು ಹಾಕಿದ ತಕ್ಷಣ ಉಂಡೆಯಾಗಿ ಬಿದ್ದವು. ಮಗಳಿಗೆ ಇಡೀ ದಿನದಲ್ಲಿ ಇಷ್ಟವಾಗಿದ್ದು ಅದೊಂದೇ.